ಮುಂಜಾವಿನ ಮುಖ

1854ನೆಯ ಇಸವಿಯಲ್ಲಿ, ಅಮೆರಿಕದ ಕಪ್ಪು ಹಡಗುಗಳು ಎಡೊ ಕೊಲ್ಲಿಯೊಳಕ್ಕೆ ಎರಡನೆಯ ಸಲ ಬಂದು ನಿಂತು, ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಹೊರಜಗತ್ತಿಗೆ ಬಹುಮಟ್ಟಿಗೆ ಮುಚ್ಚಿದ್ದ ಜಪಾನಿನ ಬಾಗಿಲನ್ನು ಬಲವಂತದಿಂದ ತೆರೆಯಿಸಿದ ಅದೇ ವರ್ಷದಲ್ಲಿ, ಆ ಕೊಲ್ಲಿಯ ದಡದ ಎಡೊ ನಗರದಲ್ಲಿ ಅಚ್ಚಾದ ಒಂದು ಚಿತ್ರಪುಸ್ತಕದೊಳಗೆ ಹಡಗಿನ ಸುದ್ದಿಯಾಗಲಿ ಫಿರಂಗಿಯ ಸುದ್ದಿಯಾಗಲಿ ಒಂದಿಷ್ಟೂ ಇರಲಿಲ್ಲ. ಅದರಲ್ಲಿ ಇದ್ದುದು ಒಂದು ಬಳ್ಳಿಯ ಮೂವತ್ತಾರು ಹೂವುಗಳು. ಪ್ರಾಚೀನ ಜಪಾನಿನ ಮೂವತ್ತಾರು ಕವಿಶ್ರೇಷ್ಠರ ಸಂಪ್ರದಾಯವನ್ನು ಅನುಸರಿಸಿ, ಅಸಗಾವೊ ಎಂಬ ಬಳ್ಳಿಯ ಮೂವತ್ತಾರು ವಿಚಿತ್ರ ತಳಿಗಳನ್ನು ಆರಿಸಿ, ಹತ್ತೊರಿ ಸೆಸ್ಸಾಯ್ ಎಂಬ ಚಿತ್ರಕಾರನಿಂದ ಬರೆಯಿಸಿ ಪ್ರಕಟಿಸಿದ ಆ ಮಹನೀಯನು ತನ್ನನ್ನು ಮಾಂಕಾಯೆನ್ ಎಂದು ಕರೆದುಕೊಂಡಿದ್ದನು. ಹತ್ತು ಸಾವಿರ ಹೂವುಗಳ ತೋಟವೆಂದು ಆ ಹೆಸರಿನ ಅರ್ಥ. ಹತ್ತು ಸಾವಿರವನ್ನು ಹೆಸರಿನಲ್ಲಿಟ್ಟುಕೊಂಡವನು ಪುಸ್ತಕಕ್ಕೆ ಬಂದಾಗ ಮೂವತ್ತಾರಕ್ಕೆ ನಿಂತನು. ಒಂದೇ ಗಿಡದ ಮೇಲೆ ಮೋಹವಿಟ್ಟು ಅದರ ಸಕಲ ರೂಪಗಳನ್ನೂ ತನ್ನ ಅಂಗಳದಲ್ಲಿ ಕೂಡಿಸಬೇಕೆಂದು ಹೊರಟ ಮನುಷ್ಯನ ಸುಖವೂ ಅವನಿಗೆ ಎದುರಾಗುವ ಮೇರೆಯೂ ಈ ಎರಡು ಸಂಖ್ಯೆಗಳ ನಡುವೆ ಎಲ್ಲಿಯೋ ಅಡಗಿವೆಯೆಂದು ನನಗೆ ತೋರುತ್ತದೆ.

ಅಸಗಾವೊ ಎಂದರೆ ಮುಂಜಾವಿನ ಮುಖ. ನಸುಕಿಗೆ ಮೊದಲೇ ಬಿಚ್ಚಿಕೊಂಡು, ಬಿಸಿಲೇರುವ ಹೊತ್ತಿಗೆ ಅಂಚು ಮಡಿಸಿ ಮುದುಡಿಹೋಗುವ, ಆಲಿಕೆಯಾಕಾರದ ಈ ಹೂವಿನ ಬಳಗವನ್ನು ನಮ್ಮ ಊರುಗಳ ಬೇಲಿಗಳ ಮೇಲೆ ಮಳೆಗಾಲ ಹಿಂಜರಿಯುವ ದಿನಗಳಲ್ಲಿ ನೋಡದವರಿಲ್ಲ. ಜಪಾನಿಗೆ ಇದು ಹೂವಾಗಿ ಬಂದುದಲ್ಲ. ನಾರಾ ಕಾಲದ ಕೊನೆಗೆ, ಅಂದರೆ ಎಂಟನೆಯ ಶತಮಾನದ ಸುಮಾರಿಗೆ, ಚೀನದ ತಾಂಗ್ ರಾಜಧಾನಿಗೆ ಹೋಗಿಬರುತ್ತಿದ್ದ ರಾಯಭಾರಿಗಳು ಇದರ ಕಪ್ಪು ಬೀಜವನ್ನು ವಿರೇಚನೌಷಧಿಯೆಂದು ತಂದರು. ಚೀನದವರು ಅದಕ್ಕೆ ಎತ್ತನ್ನು ಹಿಡಿದು ನಡೆಸುವ ಬೀಜವೆಂದು ಹೆಸರಿಟ್ಟಿದ್ದರು. ಆ ಬೀಜದಿಂದ ರೋಗ ವಾಸಿಯಾದ ಒಬ್ಬ ಬಡವನು ವೈದ್ಯನಿಗೆ ಕೃತಜ್ಞತೆಯಿಂದ ತನ್ನ ಎತ್ತನ್ನೇ ಹಿಡಿದು ತಂದು ಒಪ್ಪಿಸಿದನೆಂಬುದು ಆ ಹೆಸರಿನ ಹಿಂದಿರುವ ಕಥೆ. ನಮ್ಮ ಆಯುರ್ವೇದದ ಪಂಡಿತರು ಕೃಷ್ಣಬೀಜವೆಂದು ಕರೆಯುವುದೂ ಇದನ್ನೇ, ಅಂಗಡಿಯವರು ಕಾಲಾದಾನವೆನ್ನುತ್ತಾರೆ. ಯುನಾನಿ ಹಕೀಮರ ಅರಬ್ಬೀ ಮಾತಿನಲ್ಲಿ ಅದು ನೀಲ್ ಬೀಜ. ಆ ನೀಲ್ ಎಂಬುದು ನಮ್ಮ ಸಂಸ್ಕೃತದ ನೀಲಶಬ್ದವೇ ಪಶ್ಚಿಮಕ್ಕೆ ಪ್ರಯಾಣ ಮಾಡಿ ಪಡೆದ ರೂಪ. ಅಲ್ಲಿಂದ ಅದನ್ನು ಎತ್ತಿಕೊಂಡ ಲಿನೀಯಸನು ಸಸ್ಯಶಾಸ್ತ್ರದಲ್ಲಿ ನೆಲೆಗೊಳಿಸಿದುದರಿಂದ, ಇಂದಿಗೂ ಈ ಬಳ್ಳಿಯ ಶಾಸ್ತ್ರೀಯ ನಾಮಧೇಯವು ಐಪೊಮಿಯ ನಿಲ್. ದೂರದ ಎಡೊ ನಗರದವರು ಹುಚ್ಚು ಹಿಡಿಸಿಕೊಂಡ ಗಿಡದ ಹೆಸರಿನ ತುದಿಯಲ್ಲಿ ನಮ್ಮ ಮಾತೊಂದು ಅಂಟಿಕೊಂಡಿದೆಯೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸಿಗೆ ಹರ್ಷವುಂಟಾಗುತ್ತದೆ.

ನೂರಾರು ವರ್ಷಗಳ ಕಾಲ ಆ ಹೂವು ಹೆಸರಿಗೆ ತಕ್ಕಂತೆ ನೀಲಿಯಾಗಿಯೇ ಇತ್ತು. 1164ರಲ್ಲಿ ತೈರಾ ವಂಶದವರು ಇತ್ಸುಕುಶಿಮಾ ದೇವಾಲಯಕ್ಕೆ ಅರ್ಪಿಸಿದ ಸೂತ್ರಗ್ರಂಥಗಳ ಅಲಂಕಾರದಲ್ಲಿ ಕಾಣುವ ಅಸಗಾವೊ, ಜಪಾನಿನಲ್ಲಿ ಉಳಿದಿರುವ ಅದರ ಅತಿ ಹಳೆಯ ಚಿತ್ರವೆಂದು ಎಣಿಸಲ್ಪಟ್ಟಿದೆ, ಅದೂ ನೀಲಿಯದೇ. ಬಿಳಿಯದೂ ಕೆಂಪಿನದೂ ತೋಟಗಳಲ್ಲಿ ಪ್ರಚಾರಕ್ಕೆ ಬಂದುದು ಬಹಳ ತಡವಾಗಿ, ಎಡೊ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸುಜುಕಿ ಕಿಇತ್ಸು ಎಂಬ ಚಿತ್ರಕಾರನು ಆರಾರು ಮಡಿಕೆಯ ಒಂದು ಜೊತೆ ತೆರೆಗಳ ಮೇಲೆ ಚಿನ್ನದ ಹಿನ್ನೆಲೆಯಲ್ಲಿ ಬರೆದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಬಳ್ಳಿಯೂ ಶುದ್ಧ ನೀಲಿಯದು. ಆದರೆ ಆತನು ಆ ತೆರೆಗಳನ್ನು ಬರೆಯುವ ಕಾಲಕ್ಕಾಗಲೇ ಆತನಿದ್ದ ಎಡೊ ನಗರದಲ್ಲಿಯೇ ಅಸಗಾವೊ ತನ್ನ ಹಳೆಯ ಆಕಾರವನ್ನೆಲ್ಲ ಕಳಚಿಹಾಕತೊಡಗಿತ್ತು.

ಅದಕ್ಕೆ ಕಾರಣವಾದುದು ಒಂದು ಬೆಂಕಿ. 1806ರಲ್ಲಿ ಎಡೊ ನಗರದ ದೊಡ್ಡ ಭಾಗವನ್ನು ಸುಟ್ಟ ಮಹಾಗ್ನಿಯ ಅನಂತರ, ನಗರದ ಈಶಾನ್ಯಕ್ಕಿರುವ ಶಿತಾಯಾ ಪ್ರದೇಶದಲ್ಲಿ ಖಾಲಿ ಬಿದ್ದ ನಿವೇಶನಗಳನ್ನು ತೋಟಗಾರರು ಹಿಡಿದು ಅಸಗಾವೊ ಬಿತ್ತಿದರು. ಅಲ್ಲಿಯೇ ಒಕಾಚಿಮಾಚಿ ಎಂಬ ಕೇರಿಯಿತ್ತು. ನಾಡನ್ನಾಳುತ್ತಿದ್ದ ಶೋಗುನನ ಮೆರವಣಿಗೆಯ ಮುಂದೆ ಕಾಲುನಡಿಗೆಯಿಂದ ಹೋಗಬೇಕಾಗಿದ್ದ, ಕುದುರೆಯೇರುವ ಅಧಿಕಾರವಿಲ್ಲದ, ಒಕಾಚಿಗಳೆಂಬ ಕೆಳದರ್ಜೆಯ ಸಮುರಾಯಿಗಳು ಅಲ್ಲಿ ವಾಸವಾಗಿದ್ದರು. ಎಪ್ಪತ್ತು ಮೂಟೆ ಅಕ್ಕಿಯೂ ಐದು ಜನರ ಪಡಿಯೂ ಅವರ ವಾರ್ಷಿಕ ಸಂಬಳ. ಯುದ್ಧವಿಲ್ಲದ ಕಾಲದಲ್ಲಿ ಖಡ್ಗಕ್ಕೆ ಕೆಲಸವಿರಲಿಲ್ಲ, ಏರುವ ಬೆಲೆಗಳ ಮುಂದೆ ಸಂಬಳಕ್ಕೆ ಬಲವಿರಲಿಲ್ಲ. ಆದರೆ ಮನೆಯ ಸುತ್ತ ಒಂದಿಷ್ಟು ನೆಲವಿತ್ತು. ಆ ನೆಲದಲ್ಲಿ ಅವರು ಬಳ್ಳಿ ಬೆಳೆಸಿ ಮಾರಿದರು. ಮೊದಲು ಹೊಟ್ಟೆಪಾಡಿಗೆಂದು ಹಿಡಿದ ಕೆಲಸವು, ಒಂದು ಬೇಸಗೆಯ ಬೆಳಗಿನಲ್ಲಿ ಯಾವುದೋ ಒಂದು ಗಿಡ ಬಿರಿದ ಎಸಳನ್ನೋ ಸುಕ್ಕಿದ ಎಲೆಯನ್ನೋ ತೋರಿಸಿದ ಕ್ಷಣದಿಂದ, ಹೊಟ್ಟೆಪಾಡನ್ನು ಮೀರಿದುದಾಗಿ ಪರಿಣಮಿಸಿದುದರಲ್ಲಿ ಆಶ್ಚರ್ಯವಿಲ್ಲ. ಕಣ್ಣಿಗೆ ಒಮ್ಮೆ ಹೊಸದು ಬಿದ್ದಮೇಲೆ ಅದರ ಮುಂದಿನದನ್ನು ನೋಡದೆ ಅದಕ್ಕೆ ತೃಪ್ತಿಯಿರುವುದಿಲ್ಲ.

1815ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಒಸಾಕಾದಲ್ಲಿಯೂ ಎಡೊದಲ್ಲಿಯೂ ಅಸಗಾವೊವಿನ ಚಿತ್ರಗ್ರಂಥಗಳು ಒಂದರ ಹಿಂದೊಂದು ಹೊರಟವು. ಬಳಿಕ ಆ ಉತ್ಸಾಹ ತಗ್ಗಿತು. 1841ರಿಂದ 1843ರವರೆಗೆ ನಡೆದ ತೆಂಪೊ ಸುಧಾರಣೆಗಳು ಪಟ್ಟಣಿಗರ ವಿಲಾಸವನ್ನೆಲ್ಲ ಹತ್ತಿಕ್ಕಿದವು. ಹಾಗಿದ್ದೂ, ಆ ಸುಧಾರಣೆಗಳು ಮುಗಿದ 1843ರಲ್ಲಿಯೇ ಎಡೊವಿನ ಉತ್ತರ ಕಚೇರಿಯ ನಗರಾಧ್ಯಕ್ಷನಾಗಿ ನೇಮಕಗೊಂಡು ಐದು ವರ್ಷ ಆ ಪದವಿಯಲ್ಲಿದ್ದ ನಬೆಶಿಮಾ ನಾವೊತಾಕಾ ಎಂಬ ಗೌರವಸ್ಥನು, ಈ ಬಳ್ಳಿಯ ಎರಡನೆಯ ಮಹಾಯುಗಕ್ಕೆ ಆಶ್ರಯದಾತನಾದನು. ನ್ಯಾಯತೀರ್ಮಾನ ಮಾಡುವ, ಅಪರಾಧಿಗಳನ್ನು ದಂಡಿಸುವ ಅಧಿಕಾರಿಯು ಹೂವಿನ ವಿಷಯದಲ್ಲಿ ಮಾತ್ರ ಇರಿಯಾ ಎಂಬ ಹೊರವಲಯದ ಒಬ್ಬ ಸಸಿವ್ಯಾಪಾರಿಯೊಡನೆ ಸಮಾನನಂತೆ ಬೆರೆತನು. ಆ ವ್ಯಾಪಾರಿಯೇ ನರಿತಾಯಾ ತೊಮೆಜಿರೊ. ಹುಟ್ಟು ಅಂತಸ್ತುಗಳ ಗೆರೆಗಳು ಕಲ್ಲಿನ ಮೇಲೆ ಕೊರೆದಂತಿದ್ದ ಸಮಾಜವೊಂದರಲ್ಲಿ, ಕುಂಡದೊಳಗಿನ ಒಂದು ಬಳ್ಳಿಯ ಸುತ್ತ ಸಮುರಾಯಿಯೂ ವರ್ತಕನೂ ಬೌದ್ಧಸನ್ಯಾಸಿಯೂ ತೋಟಗಾರನೂ ಒಂದೇ ಚಾಪೆಯ ಮೇಲೆ ಕುಳಿತು ವಾದಿಸಿದರೆಂಬುದನ್ನು ನಾನು ಈ ಇತಿಹಾಸದ ಅತ್ಯಂತ ಸುಂದರವಾದ ಸಂಗತಿಯೆಂದು ಬಗೆದಿದ್ದೇನೆ. ಸಂಗ್ರಾಹಕನು ಒಂಟಿಯೆಂದು ಜನ ಹೇಳುತ್ತಾರೆ; ಆದರೆ ತನ್ನ ಗಿಡದ ಸೂಕ್ಷ್ಮವನ್ನು ಬಲ್ಲ ಇನ್ನೊಬ್ಬನಿಗಾಗಿ ಅವನಷ್ಟು ಹಂಬಲಿಸುವವನು ಬೇರೊಬ್ಬನಿಲ್ಲ.

ಅವರು ಬೆಳೆಸಿದ ಹೂವುಗಳನ್ನು ನೋಡಿದರೆ ಅವು ಹೂವುಗಳೆಂದು ನಂಬುವುದೇ ಕಷ್ಟ. ಶಿಶಿ ಎಂಬ ತಳಿಯಲ್ಲಿ, ಅಂದರೆ ಸಿಂಹದಲ್ಲಿ, ಎಸಳುಗಳು ಸೀಳಿ ಕೊಳವೆಗಳಾಗಿ ಸುರುಳಿಗೊಂಡು, ತುದಿಯಲ್ಲಿ ಮತ್ತೆ ಬಿರಿದು, ಚಾವಣಿಯಂಚಿಗೆ ಕಟ್ಟಿದ ಗಾಳಿಗಂಟೆಗಳಂತೆ ತೊನೆಯುತ್ತವೆ. ಯಾನಗಿ ಎಂಬುದರಲ್ಲಿ ಎಲೆಯೂ ಎಸಳೂ ನೀರುಹಬ್ಬೆಯ ಎಲೆಯಂತೆ ಕಿರಿದಾಗಿ ದಾರದೆಳೆಯಷ್ಟಾಗುತ್ತವೆ. ಬೋತನ್ ಎಂಬುದರಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟು ಹೂವಿನೊಳಗೆ ಹೂವು, ಅದರೊಳಗೆ ಮತ್ತೊಂದು ಹೂವು. ಎಲೆಯಲ್ಲಿ ಹಳದಿ, ಕಲೆ, ಸುಕ್ಕು, ತುಂಬೆಹುಳುವಿನ ರೆಕ್ಕೆಯ ಆಕಾರ. ಕಾಂಡದಲ್ಲಿ ಕುಳ್ಳು, ಚಪ್ಪಟೆ, ಜೋಲು. ಇವೆಲ್ಲವನ್ನೂ ಕ್ರಮವಾಗಿ ಎಣಿಸುವ ಒಂದು ಪದ್ಧತಿಯನ್ನು ಅವರು ಕಟ್ಟಿದರು: ಮೊದಲು ಎಲೆಯ ಬಣ್ಣ, ಆಮೇಲೆ ಎಲೆಯ ಆಕಾರ, ಅನಂತರ ಹೂವಿನ ಬಣ್ಣ, ಕೊನೆಗೆ ಹೂವಿನ ರಚನೆ, ಹೀಗೆ ಒಂದರ ಬಾಲಕ್ಕೆ ಒಂದನ್ನು ಪೋಣಿಸಿ ಉಚ್ಚರಿಸಿದರೆ ಅದೇ ಆ ಗಿಡದ ಹೆಸರು. ನಮ್ಮ ಪಂಡಿತರ ದೀರ್ಘ ಸಮಾಸದಂತಿರುವ ಆ ಹೆಸರನ್ನು ಕೇಳಿದ ಮಾತ್ರದಿಂದಲೇ, ಬಲ್ಲವನು ಕಣ್ಣು ಮುಚ್ಚಿ ಆ ಗಿಡವನ್ನು ಕಾಣಬಹುದಾಗಿತ್ತು.

ಆದರೆ ಈ ವೈಭವದ ಬುಡದಲ್ಲಿಯೇ ಒಂದು ತಡೆಯಿತ್ತು. ನಾನು ಈ ಪ್ರಬಂಧವನ್ನು ಬರೆಯಲು ಕುಳಿತಿರುವುದೇ ಅದರ ಸಲುವಾಗಿ. ಬೆಳೆಗಾರರು ತಮ್ಮ ತಳಿಗಳನ್ನು ಎರಡಾಗಿ ವಿಂಗಡಿಸಿದ್ದರು. ಬಿತ್ತಿದರೆ ತಾಯಿಯಂತೆಯೇ ಹುಟ್ಟುವ, ಬೀಜ ಕಟ್ಟುವ ತಳಿಗಳು ಮಸಾಕಿ. ಅಪರೂಪಕ್ಕೆ ಹೊರಬೀಳುವ, ಅತ್ಯದ್ಭುತವಾದ, ಆದರೆ ಬಂಜೆಯಾದ ತಳಿಗಳು ದೆಮೊನೊ. ಕೇಸರವೆಲ್ಲ ಎಸಳಾದ ಹೂವಿನಲ್ಲಿ ಪರಾಗವೆಲ್ಲಿ, ಬೀಜವೆಲ್ಲಿ? ಮೇಲಾಗಿ ಈ ಬಳ್ಳಿ ಒಂದು ವರ್ಷದ್ದು. ಬೇಸಗೆಯಲ್ಲಿ ಹೂತು ಚಳಿಗೆ ಸಾಯುವಂಥದು. ಕ್ಯಾಮೆಲಿಯದಂತೆ ಕಸಿ ಕಟ್ಟಿ ಇಟ್ಟುಕೊಳ್ಳುವಂತಿಲ್ಲ, ಸೇವಂತಿಗೆಯಂತೆ ಬುಡದಿಂದ ಮೋಸು ತೆಗೆಯುವಂತಿಲ್ಲ. ಆದುದರಿಂದ ಅತಿ ಶ್ರೇಷ್ಠವಾದ ಹೂವು ಯಾವುದೋ, ಅದು ತನ್ನ ಒಡೆಯನಿಗೆ ಒಂದು ಬೆಳಗಿನ ದರ್ಶನವಿತ್ತು, ಸಂತತಿಯಿಲ್ಲದೆ, ಶಾಶ್ವತವಾಗಿ ಹೊರಟುಹೋಗುತ್ತಿತ್ತು.

ಹಾಗಾದರೆ ಅದು ಮರುವರ್ಷ ಮತ್ತೆ ಹೇಗೆ ಬರುತ್ತಿತ್ತು? ಅದರ ಜೊತೆಯಲ್ಲಿ, ಅದೇ ಕಾಯಿಯಿಂದ ಹುಟ್ಟಿದ, ನೋಡಲು ಸಾಧಾರಣವಾದ ಒಡಹುಟ್ಟಿದ ಗಿಡಗಳಿರುತ್ತಿದ್ದವು. ಅಗಲವಾದ ಎಲೆ, ಸಾಮಾನ್ಯ ಆಲಿಕೆಯ ಹೂವು. ಮಾರಲು ಇಟ್ಟರೆ ಯಾರೂ ತಿರುಗಿ ನೋಡರು. ಆದರೆ ಆ ಸಾಧಾರಣರಲ್ಲಿ ಮೂರಕ್ಕೆ ಎರಡು ಗಿಡಗಳ ರಕ್ತದಲ್ಲಿ ಆ ಅದ್ಭುತವು ಹುದುಗಿರುತ್ತದೆ. ಅವುಗಳ ಬೀಜವನ್ನು ಬಿತ್ತಿದರೆ ನಾಲ್ಕರಲ್ಲೊಂದು ಮತ್ತೆ ದೆಮೊನೊ ಆಗಿ ಹೊರಬೀಳುತ್ತದೆ. ಹುದುಗಿದ ಗುಣಗಳು ಎರಡು ಕೂಡಬೇಕಾದರೆ ಹದಿನಾರರಲ್ಲೊಂದು, ಮೂರು ಕೂಡಬೇಕಾದರೆ ಅರವತ್ತನಾಲ್ಕರಲ್ಲೊಂದು. ಮೆಂಡೆಲನು ಬಟಾಣಿಯ ಗಿಡಗಳ ಮೇಲೆ ನಡೆಸಿದ ಪರೀಕ್ಷೆಗಳು ಪ್ರಕಟವಾದುದು 1866ರಲ್ಲಿ, ಲೋಕದ ಕಣ್ಣಿಗೆ ಬಿದ್ದುದು 1900ರಲ್ಲಿ. ಅದಕ್ಕಿಂತ ಅರ್ಧ ಶತಮಾನ ಮೊದಲೇ ಇರಿಯಾದ ಸಸಿಗಾರರು, ನಿಯಮವನ್ನು ಮಾತಿನಲ್ಲಿ ಹೇಳಲಾರದೆ ಹೋದರೂ, ಕೈಯಿಂದ ಅದನ್ನು ಬಲ್ಲವರಾಗಿದ್ದರು. ಯಾವ ಸಾಧಾರಣ ಗಿಡದ ಬೀಜ ಯಾವುದೆಂಬುದನ್ನು ಕಲಸದೆ, ಒಂದೊಂದು ಗಿಡದ್ದನ್ನು ಒಂದೊಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಬರೆದು, ಚಳಿಗಾಲವನ್ನು ಕಳೆಯುತ್ತಿದ್ದರು. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಇರುತ್ತಿದ್ದುದು ಹೂವಲ್ಲ, ಹೂವಿನ ಸಂಭವ.

ಈ ತಾಳ್ಮೆಯಲ್ಲಿ ಎಂಥ ಸುಖವಿತ್ತೆಂಬುದನ್ನು ಊಹಿಸಿಕೊಳ್ಳಬೇಕು. ಬೀಜದ ಗಟ್ಟಿ ಸಿಪ್ಪೆಯನ್ನು ಉಗುರಿನಷ್ಟು ಕೆತ್ತಿ ನೆಟ್ಟು, ಕೆಲವು ದಿನ ಕಾದ ಮೇಲೆ ಜೋಡಿ ಬೀಜದಳಗಳು ನೆಲದಿಂದ ಮೇಲೇಳುತ್ತವೆ. ಬಲ್ಲವನು ಮಂಡಿಯೂರಿ ಆ ಎಳೆಯ ದಳಗಳ ಅಂಚಿನ ಸುಕ್ಕನ್ನೂ ಸೀಳನ್ನೂ ಬಣ್ಣವನ್ನೂ ಪರೀಕ್ಷಿಸಿ, ಇನ್ನೂ ಎರಡು ತಿಂಗಳ ಮೇಲೆ ಅರಳಬೇಕಾದ ಹೂವನ್ನು ಅಲ್ಲಿಯೇ ಓದಿಬಿಡುತ್ತಾನೆ. ನೂರು ಮೊಳಕೆಗಳಲ್ಲಿ ಐದಾರು ಕುಂಡಕ್ಕೆ, ಹತ್ತಿಪ್ಪತ್ತು ಬೀಜಕ್ಕೆಂದು ಹಿಂದಿನ ಮಡಿಗೆ, ಉಳಿದವು ಗೊಬ್ಬರದ ಗುಂಡಿಗೆ. ಒಂದು ಬೆರಳ ಎತ್ತರದ ಸಸಿಯಲ್ಲಿ ಭವಿಷ್ಯವನ್ನು ಕಾಣುವ ಆ ದೃಷ್ಟಿ ಹಣದಿಂದ ಬರುವುದಲ್ಲ, ಪುಸ್ತಕದಿಂದಲೂ ಬರುವುದಲ್ಲ. ಒಂದೇ ಗಿಡವನ್ನು ಇಪ್ಪತ್ತು ಮುಂಗಾರುಗಳ ಕಾಲ ನೋಡಿದವನಿಗೆ ಮಾತ್ರ ದಕ್ಕುವಂಥದು. ಲೋಕದ ಎಲ್ಲ ಹೂವುಗಳನ್ನೂ ಅಷ್ಟಷ್ಟು ಬಲ್ಲವನು ಈ ಸುಖವನ್ನು ಅರಿಯಲಾರನು. ವ್ಯಸನವೆಂದು ಹಳಿಯುವವರು ಈ ಒಂದು ಫಲವನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೂವು ಕೆಡುವ ಮೊದಲೇ ನಡೆಯಬೇಕಾದುದರಿಂದ ಅವರ ಸ್ಪರ್ಧಾಸಭೆಗಳು ಬೆಳಗಿನಲ್ಲಿಯೇ ಸೇರುತ್ತಿದ್ದವು. ಗೆದ್ದವರ ಹೆಸರುಗಳನ್ನು ಸುಮೊ ಜಟ್ಟಿಗಳ ಪಟ್ಟಿಯಂತೆ ಪೂರ್ವ ಪಶ್ಚಿಮವೆಂದು ಎರಡು ಬದಿಗೆ ಜೋಡಿಸಿ ಅಚ್ಚು ಹಾಕಿಸುತ್ತಿದ್ದರು. ದೂರದ ಊರಿಗೆ ಕಳುಹಿಸಬೇಕೆಂದರೆ ಹೂವು ದಾರಿಯಲ್ಲಿಯೇ ಮುದುಡುತ್ತದೆ. ಎಡೊವಿನ ರಸಿಕನು ಒಸಾಕಾದ ಹೂವನ್ನು ನೋಡುವ ಉಪಾಯವೆಂದರೆ ಚಿತ್ರವೊಂದೇ. ನರಿತಾಯಾ ತೊಮೆಜಿರೊ 1854ರಲ್ಲಿ ಹೊರಡಿಸಿದ ಚಿತ್ರಗ್ರಂಥಕ್ಕೆ ಇಟ್ಟ ಹೆಸರು ಮೂರು ಪಟ್ಟಣಗಳ ಒಂದು ಬೆಳಗು ಎಂಬರ್ಥದ್ದು. ಎಡೊ, ಕ್ಯೋಟೊ, ಒಸಾಕಾ ಈ ಮೂರರ ಹೂವುಗಳೂ ಒಂದೇ ಮುಂಜಾನೆ ಒಂದೇ ಕಡೆ ಅರಳಲಾರವು, ಪುಸ್ತಕದಲ್ಲಿ ಮಾತ್ರ ಅರಳಬಲ್ಲವು. ಆ ಗ್ರಂಥಗಳನ್ನು ಸಸಿ ಮಾರುವವನ ಜಾಹೀರಾತೆಂದು ತಿಳಿದವರಿದ್ದಾರೆ. ಅದು ಸುಳ್ಳಲ್ಲವಾದರೂ ಪೂರ್ಣ ಸತ್ಯವೂ ಅಲ್ಲ. ಕೂಡಿಡಲಾರದುದನ್ನು ಕೂಡಿಡಬೇಕೆಂದು ಹಟ ಹಿಡಿದವರಿಗೆ ಉಳಿದಿದ್ದ ಒಂದೇ ಉಗ್ರಾಣ ಅದು.

ಇಲ್ಲಿ ಆ ಗ್ರಂಥಗಳಿಗಿಂತ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಇನ್ನೊಂದು ಬೆಳಗಿನ ಕಥೆಯನ್ನು ನೆನೆಯದೆ ಮುಂದೆ ಹೋಗಲಾರೆ. ಚಹಾ ವಿಧಿಯ ಆಚಾರ್ಯನಾದ ಸೆನ್ ನೊ ರಿಕ್ಯುವಿನ ತೋಟದಲ್ಲಿ ಅಸಗಾವೊ ತುಂಬಿ ಅರಳಿದೆಯೆಂದು ಕೇಳಿ, ನಾಡಿನ ಅಧಿಪತಿಯಾಗಿದ್ದ ತೊಯೊತೊಮಿ ಹಿದೆಯೊಶಿ ಅದನ್ನು ನೋಡಲು ಮುಂಜಾನೆ ಬಂದನಂತೆ. ತೋಟದಲ್ಲಿ ಒಂದು ಹೂವೂ ಇರಲಿಲ್ಲ. ಎಲ್ಲವನ್ನೂ ಕತ್ತರಿಸಿ ತೆಗೆಯಿಸಲಾಗಿತ್ತು. ಕೆರಳಿದ ಅಧಿಪತಿ ತಲೆ ಬಗ್ಗಿಸಿ ಚಹಾ ಕೋಣೆಯ ಸಣ್ಣ ಬಾಗಿಲಿನಿಂದ ಒಳಹೊಕ್ಕಾಗ, ಮಂದ ಬೆಳಕಿನ ಗೂಡಿನಲ್ಲಿ ಒಂದೇ ಒಂದು ಅಸಗಾವೊ ಅವನನ್ನು ಎದುರುಗೊಂಡಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರಿಕ್ಯುವನ್ನು ಸಂಗ್ರಾಹಕರಿಗೆ ಎದುರಾಗಿ ನಿಲ್ಲಿಸುತ್ತಾರೆ. ನನಗೆ ಹಾಗೆ ಕಾಣದು. ತೋಟದ ತುಂಬ ಬೆಳೆಸಿದ್ದವನಲ್ಲದೆ ಆ ಒಂದನ್ನು ಬೇರೆ ಯಾರು ಆರಿಸಬಲ್ಲರು? ಮಾಂಕಾಯೆನ್‌ನ ಮೂವತ್ತಾರೂ ರಿಕ್ಯುವಿನ ಒಂದೂ ಒಂದೇ ಬಗೆಯ ಕಣ್ಣಿನಿಂದ ಹುಟ್ಟಿದವು. ಕತ್ತರಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಮಾತ್ರ ಭೇದ.

1868ರಲ್ಲಿ ಶೋಗುನರ ಆಳ್ವಿಕೆ ಉರುಳಿತು, ಎಡೊ ಟೋಕಿಯೊ ಆಯಿತು, ಒಕಾಚಿಗಳ ಸಂಬಳ ನಿಂತಿತು. ಮೇಜಿ ಕಾಲದಲ್ಲಿ ಬಳ್ಳಿಗೆ ಮತ್ತೊಂದು ಏಳಿಗೆ ಬಂದು, ಇರಿಯಾದ ತೋಟಗಳಿಗೆ ನಸುಕಿನಲ್ಲಿ ಜನ ತಂಡತಂಡವಾಗಿ ಹೋಗುತ್ತಿದ್ದರು. ಆದರೆ ಆ ಕಾಲದ ರುಚಿ ನಿಧಾನವಾಗಿ ವಿಚಿತ್ರಾಕಾರಗಳಿಂದ ದೊಡ್ಡ ಗಾತ್ರದ ಕಡೆಗೆ ತಿರುಗಿತು. ಇಪ್ಪತ್ತು ಸೆಂಟಿಮೀಟರನ್ನು ಮೀರುವ ದುಂಡನೆಯ ಹೂವು ಬೆಳೆಗಾರರ ಗುರಿಯಾಯಿತು. ತೆಂಕಣ ಕುಮಾಮೊತೊ ಸಂಸ್ಥಾನದ ಸಮುರಾಯಿ ಮನೆತನಗಳು ತಮ್ಮ ಆರು ಪ್ರಿಯಪುಷ್ಪಗಳಲ್ಲಿ ಅಸಗಾವೊವನ್ನೂ ಒಂದಾಗಿ ಎಣಿಸಿ ಕಾಪಾಡಿಕೊಂಡು ಬಂದಿದ್ದರು. ಆ ಹೂವುಗಳನ್ನು ಹೊರಗಿನವರ ಕೈಗೆ ಕೊಡಬಾರದೆಂಬುದು ಅವರ ಕಟ್ಟುಪಾಡು. ಈ ಬಿಗಿಮುಷ್ಟಿಯನ್ನು ನಾನು ಮೆಚ್ಚಲಾರೆ. ಒಂದೇ ಕೈಯಲ್ಲಿರುವ ತಳಿ ಒಂದು ಬೆಂಕಿಗೋ ಒಂದು ಕೆಟ್ಟ ಬೇಸಗೆಗೋ ಆಹುತಿಯಾಗುತ್ತದೆ. ಹತ್ತು ಕೈಗಳಲ್ಲಿ ಹಂಚಿಹೋದುದು ಉಳಿಯುತ್ತದೆ. ಬೀಜವನ್ನು ಹಂಚದವನ ಪ್ರೀತಿ ಗಿಡದ ಮೇಲಿನದೋ ಒಡೆತನದ ಮೇಲಿನದೋ ಎಂದು ಕೇಳಬೇಕಾಗುತ್ತದೆ.

ನಗರ ಬೆಳೆದು ನೆಲದ ಬೆಲೆಯೇರಿ, 1913ರ ಹೊತ್ತಿಗೆ ಇರಿಯಾದಿಂದ ಅಸಗಾವೊ ಮರೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಕುಂಡಗಳ ಜಾಗಕ್ಕೆ ಗೆಣಸು ಬಂದಾಗ, ಅಥವಾ ಮನೆಗಳೇ ಉರಿದುಹೋದಾಗ, ಅನೇಕ ತಳಿಗಳು ನಿಶ್ಶೇಷವಾದವು. ಎಷ್ಟೋ ಹೂವುಗಳನ್ನು ಉಳಿಸಿದವರು ವಿಜ್ಞಾನಿಗಳು. ಟೋಕಿಯೊ ವಿಶ್ವವಿದ್ಯಾಲಯದ ಇಮಾಯ್ ಯೊಶಿತಾಕಾ ಮೊದಲಾದವರು ಯುದ್ಧಕ್ಕೆ ಹಿಂದೆಯೇ ಈ ಬಳ್ಳಿಯ ಆನುವಂಶಿಕ ಗುಣಗಳನ್ನು ಪರಿಶೋಧಿಸಿದ್ದರು. ಯುದ್ಧಾನಂತರ ಮಿಶಿಮಾದ ಆನುವಂಶಿಕತಾ ಸಂಸ್ಥೆಯಲ್ಲಿ ತಕೆನಾಕಾ ಯೊ ಅಳಿದುಳಿದುದನ್ನು ಹುಡುಕಿ ಕೂಡಿಸಿದರು. ಈಗ ಅದರ ಮುಖ್ಯ ಭಂಡಾರವಿರುವುದು ಕ್ಯುಶು ವಿಶ್ವವಿದ್ಯಾಲಯದಲ್ಲಿ. ಒಂದೇ ಬಳ್ಳಿ ಇಷ್ಟು ರೂಪಗಳನ್ನು ತಾಳಲು ಕಾರಣವೇನೆಂಬುದೂ ಜಪಾನಿನ ಪಂಡಿತರ ಶ್ರಮದಿಂದಲೇ ಹೊರಬಿದ್ದಿತು: ಇದರ ವಂಶತಂತುವಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳಿವೆ, ಹೋಗಿ ಕುಳಿತೆಡೆಯಲ್ಲಿ ಅವು ಬಣ್ಣವನ್ನೋ ಆಕಾರವನ್ನೋ ಕೆಡಿಸುತ್ತವೆ. ಅವುಗಳಲ್ಲೊಂದನ್ನು 1994ರಲ್ಲಿ ಗುರುತಿಸಿದರು. 2016ರಲ್ಲಿ ಇಡೀ ವಂಶತಂತುವನ್ನು ಓದಿ ಮುಗಿಸಿದರು. ಎಡೊವಿನ ಸಸಿಗಾರನು ಕೆಡುಕೆಂದು ಎಸೆಯದೆ ಚೆಲುವೆಂದು ಕಾಪಾಡಿದುದರಲ್ಲಿ ಬಹುಪಾಲು ಈ ಜಿಗಿತದ ಫಲ.

ಮರಳಿ ಬಾರದೆ ಹೋದುದೂ ಉಂಟು. ಹಳೆಯ ಚಿತ್ರಗ್ರಂಥಗಳಲ್ಲಿ ಹಳದಿಯ ಅಸಗಾವೊ ಇದೆ. ಬೀಜದ ಪೊಟ್ಟಣಗಳಲ್ಲಿ ಅದು ಇಲ್ಲ. 2014ರಲ್ಲಿ ಜಪಾನಿನ ಸಂಶೋಧಕರು ನಾಯಿಮೂತಿ ಹೂವಿನ ಜೀನ್‌ಗಳನ್ನು ಸೇರಿಸಿ ಹಳದಿಯದೊಂದನ್ನು ಅರಳಿಸಿದರು. ಅದೇ ವರ್ಷ ಮತ್ತೊಂದು ತಂಡದವರು, ಹೂವನ್ನು ಮುದುಡಿಸುವ ಒಂದು ಜೀನನ್ನು ಹತ್ತಿಕ್ಕಿ, ಅದು ಮರುದಿನ ಬೆಳಗಿನವರೆಗೆ ಅರಳಿಯೇ ಇರುವಂತೆ ಮಾಡಿದರು; ಹೀಗೆ ನಿನ್ನೆಯ ಹೂವೂ ಇಂದಿನ ಹೂವೂ ಒಂದೇ ಬಳ್ಳಿಯ ಮೇಲೆ ಕೂಡಿ ಕಾಣಿಸಿಕೊಂಡವು. ವಿದ್ಯೆಯಾಗಿ ಇದು ದೊಡ್ಡದು. ಆದರೂ ಮುಂಜಾವಿನ ಮುಖವೆಂದು ಹೆಸರಾದುದು ಮಧ್ಯಾಹ್ನವೂ ಸಂಜೆಯೂ ಬಿಚ್ಚಿಕೊಂಡೇ ಇದ್ದರೆ, ನಸುಕಿನಲ್ಲಿ ಎದ್ದು ಇರಿಯಾಕ್ಕೆ ನಡೆದುಹೋದವರ ಕಾಲುದಾರಿಯೊಂದು ಮುಚ್ಚಿಹೋಗುವುದೆಂದು ನನ್ನ ಮನಸ್ಸು ಕಳವಳಿಸುತ್ತದೆ.

1948ರಲ್ಲಿ ಇರಿಯಾದಲ್ಲಿ ಅಸಗಾವೊವಿನ ಸಂತೆ ಮತ್ತೆ ಆರಂಭವಾಯಿತು. ಈಗಲೂ ಪ್ರತಿವರ್ಷ ಜುಲೈ 6ರಿಂದ 8ರವರೆಗೆ ಅಲ್ಲಿನ ಕಿಶಿಮೊಜಿನ್ ದೇವತೆಯ ಗುಡಿಯ ಸುತ್ತಮುತ್ತ ಕುಂಡಗಳ ಸಾಲು ನಿಲ್ಲುತ್ತದೆ. ಅವುಗಳಲ್ಲಿ ಹೆಚ್ಚಿನವು ದುಂಡು ಹೂವಿನವು. ವಿಚಿತ್ರ ತಳಿಗಳನ್ನು ನೋಡಬೇಕೆಂದವರು ಚಿಬಾ ಪ್ರಾಂತದ ಸಾಕುರಾದಲ್ಲಿರುವ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಸಸ್ಯೋದ್ಯಾನಕ್ಕೆ ಬೇಸಗೆಯಲ್ಲಿ ಹೋಗಬೇಕು, ಅದೂ ಬೆಳಗಿನಲ್ಲಿ. ಗಾಳಿಗಂಟೆಯಂತೆ ತೂಗುವ ಶಿಶಿ, ನೂಲಿನಂಥ ಯಾನಗಿ, ಹೂವಿನೊಳಗೆ ಹೂವಾದ ಬೋತನ್ ಎದುರಿಗೆ ನಿಲ್ಲುತ್ತವೆ, ಜನರು ಅವುಗಳ ಮುಂದೆ ಗುಂಪುಗೂಡುತ್ತಾರೆ. ಅವನ್ನು ಹಡೆದ ಸಾಧಾರಣ ಬಳ್ಳಿಗಳು ಬೆಳೆಗಾರನ ಹಿತ್ತಲಿನ ಮಡಿಯಲ್ಲಿ, ಅಗಲವಾದ ಎಲೆಗಳನ್ನು ಹರಡಿಕೊಂಡು, ಯಾರೂ ನೋಡದ ಆಲಿಕೆ ಹೂವುಗಳನ್ನು ಅರಳಿಸಿ ಮುದುಡಿಸುತ್ತಿರುತ್ತವೆ. ಶರತ್ಕಾಲದಲ್ಲಿ ಅವುಗಳ ಕಾಯಿಗಳು ಒಣಗಿ ಕಂದಿದಾಗ ಅವನು ಬಂದು, ಒಂದೊಂದು ಬಳ್ಳಿಯ ಬೀಜವನ್ನೂ ಬೇರೆ ಬೇರೆಯಾಗಿ ಬಿಡಿಸಿ, ಪೊಟ್ಟಣದ ಮೇಲೆ ಅದರ ಹೆಸರನ್ನು ಬರೆಯುತ್ತಾನೆ.